ಹನ್ನೊಂದು ಸಾಲಿನ ಜಾಹೀರಾತು

ಆ ಕೆಲಸದ ಜಾಹೀರಾತಿನಲ್ಲಿ ಅರ್ಹತೆಯ ಹನ್ನೊಂದು ಸಾಲುಗಳಿದ್ದವು. ನನ್ನ ಹತ್ತಿರ ಇದ್ದದ್ದು ಐದು. ಮೊಬೈಲ್ ಮೇಲೆ ಬೆರಳಿಟ್ಟು ಒಂದೊಂದೇ ಎಣಿಸಿದ್ದೆ.

2022ರ ಜುಲೈ ಅದು. ನಮ್ಮ ಮನೆ ಇರುವುದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಕಾಫಿ ತೋಟದೊಳಗೆ. ಅಪ್ಪ ಅಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಆ ತಿಂಗಳಲ್ಲಿ ನಮ್ಮ ಕಡೆ ಮಳೆ ಬಿಡುವುದೇ ಇಲ್ಲ. ತಂತಿಯ ಮೇಲೆ ಮರ ಬಿದ್ದು ಮೂರು ದಿನದಿಂದ ಕರೆಂಟ್ ಇರಲಿಲ್ಲ. ಟವರ್‌ನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಹೋಗುತ್ತದೆ. ಅದಕ್ಕೇ ನಾನು ಕೆಲಸ ಮಾಡುವ ಅಂಗಡಿಯಲ್ಲಿ ಇದ್ದಾಗಲೇ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದುಕೊಂಡು ಬಂದಿದ್ದೆ. ರಾತ್ರಿ ಚಾರ್ಜರ್ ಲೈಟಿನ ಬೆಳಕಿನಲ್ಲಿ ಕೂತು ಓದಿದೆ.

ಬೆಂಗಳೂರಿನ ಒಂದು ಚಿಕ್ಕ ಕಂಪನಿ. ಬ್ಯಾಕೆಂಡ್ ಡೆವಲಪರ್, ಅಂದರೆ ಸರ್ವರ್ ಕಡೆಯ ಪ್ರೋಗ್ರಾಂ ಬರೆಯುವವರು ಬೇಕಂತೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಅಥವಾ ಬಿ.ಟೆಕ್ ಆಗಿರಬೇಕು. ಮೂರು ವರ್ಷ ಅನುಭವ ಇರಬೇಕು. ಪೈಥಾನ್ ಭಾಷೆ, ಅದರಲ್ಲಿ ವೆಬ್ ಕೆಲಸಕ್ಕೆ ಬಳಸುವ ಜ್ಯಾಂಗೋ ಅಥವಾ ಫಾಸ್ಟ್‌ಎಪಿಐ, ಪೋಸ್ಟ್‌ಗ್ರೆಸ್ ಡೇಟಾಬೇಸ್, ಲಿನಕ್ಸ್, ಕೋಡ್‌ನ ಬದಲಾವಣೆ ದಾಖಲಿಸುವ ಗಿಟ್, ಪ್ರೋಗ್ರಾಂ ಬೇರೆ ಕಂಪ್ಯೂಟರ್‌ನಲ್ಲೂ ಹಾಗೇ ಓಡುವಂತೆ ಕಟ್ಟಿಕೊಡುವ ಡಾಕರ್, ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ ಎಡಬ್ಲ್ಯೂಎಸ್, ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಕಾಫ್ಕಾ ಗೊತ್ತಿರಬೇಕು. ಕೊನೆಯ ಸಾಲು, ಇಂಗ್ಲಿಷ್‌ನಲ್ಲಿ ಚೆನ್ನಾಗಿ ಮಾತಾಡಲು, ಬರೆಯಲು ಬರಬೇಕು.

ನನ್ನದು ಬಿಸಿಎ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಕಂಪನಿಯಲ್ಲಿ ದುಡಿದ ಅನುಭವ ಇಲ್ಲವೇ ಇಲ್ಲ. ಪೈಥಾನ್, ಜ್ಯಾಂಗೋ, ಲಿನಕ್ಸ್, ಗಿಟ್ ಗೊತ್ತಿತ್ತು. ಐದನೆಯದು ಪೋಸ್ಟ್‌ಗ್ರೆಸ್. ಅದನ್ನು ಮುಟ್ಟಿಯೂ ಇರಲಿಲ್ಲ. ನಾನು ಬಳಸಿದ್ದು ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್. ಎರಡರಲ್ಲೂ ಬರೆಯುವ ಭಾಷೆ ಎಸ್‌ಕ್ಯೂಎಲ್ಲೇ ಆದ್ದರಿಂದ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ.

ಇದು ನನಗಲ್ಲ ಅಂದುಕೊಂಡು ಮೊಬೈಲ್ ಆಫ್ ಮಾಡಿ ಮಲಗಿದೆ.

ಹೀಗೆ ಮಲಗಿದ್ದು ಅದೇ ಮೊದಲಲ್ಲ. ಆ ವರ್ಷ ಜನವರಿಯಿಂದ ಜುಲೈವರೆಗೆ ಎಷ್ಟೋ ಜಾಹೀರಾತು ನೋಡಿದ್ದೆ. ಅರ್ಜಿ ಹಾಕಿದ್ದು ಮೂರಕ್ಕೆ ಮಾತ್ರ. ಮೂರೂ ಡೇಟಾ ಎಂಟ್ರಿ ಕೆಲಸ, ಯಾಕೆಂದರೆ ಅಲ್ಲಿ ಕೇಳಿದ್ದೆಲ್ಲ ನನ್ನಲ್ಲಿತ್ತು. ಆ ಕೆಲಸ ನನಗೆ ಇಷ್ಟ ಇರಲಿಲ್ಲ. ಅವರೂ ಕರೆಯಲಿಲ್ಲ.

ನಾನು ಯಾಕೆ ಹಾಗಿದ್ದೆ ಅನ್ನುವುದು ಈಗ ಗೊತ್ತಾಗುತ್ತದೆ. ಆಗ ನಾನು ಸೋಮವಾರಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿದ್ದೆ. ಪಹಣಿ ತೆಗೆದುಕೊಡುವುದು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್, ಇದೇ ಕೆಲಸ. ಅದಕ್ಕಿಂತ ಜಾಸ್ತಿ ಅಂದರೆ ಸರ್ಕಾರಿ ಕೆಲಸದ ಅರ್ಜಿಗಳು. ಪೊಲೀಸ್, ಅರಣ್ಯ ಇಲಾಖೆ, ಕೆಪಿಎಸ್‌ಸಿ, ಬ್ಯಾಂಕ್, ರೈಲ್ವೆ. ಕೊಡಗಿಗೆ ರೈಲು ಇಲ್ಲದಿದ್ದರೂ ರೈಲ್ವೆ ಅರ್ಜಿ ಹಾಕದ ಮನೆ ಇಲ್ಲ.

ಅಲ್ಲಿ ಒಂದು ಸಾಲು ತಪ್ಪಿದರೂ ಮುಗಿಯಿತು. ಅರ್ಜಿಯ ಕೊನೆಯ ದಿನದೊಳಗೆ ಡಿಗ್ರಿ ಮುಗಿದಿರಬೇಕು. ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಎಲ್ಲ ಅಷ್ಟರೊಳಗೆ ಕೈಯಲ್ಲಿರಬೇಕು. ಒಂದು ಸಲ ಒಬ್ಬ ಹುಡುಗ ಬಂದ. ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದಾಗಿತ್ತು, ಫಲಿತಾಂಶ ಬಂದಿರಲಿಲ್ಲ. ನಾನೇ ಅಧಿಸೂಚನೆ ಓದಿ, ನಿನಗೆ ಆಗಲ್ಲಪ್ಪ ಅಂದೆ. ಅವನು ಛತ್ರಿ ಮಡಚಿ ಹಿಡಿದುಕೊಂಡು ತುಂಬ ಹೊತ್ತು ಅಲ್ಲೇ ನಿಂತಿದ್ದ. ಸೈನ್ಯಕ್ಕೆ ಹೋಗುವ ಹುಡುಗರದ್ದೂ ಇದೇ ಕಥೆ. ಎತ್ತರ ಒಂದು ಸೆಂಟಿಮೀಟರ್ ಕಡಿಮೆ ಬಂದರೆ ವಾಪಸ್.

ಸರ್ಕಾರ ಹಾಗೆ ಮಾಡುವುದರಲ್ಲಿ ತಪ್ಪಿಲ್ಲ. ಆ ಅರ್ಹತೆಗಳು ನೇಮಕಾತಿ ನಿಯಮದಲ್ಲೇ ಇರುತ್ತವೆ. ಒಬ್ಬರಿಗೆ ಸಡಿಲ ಮಾಡಿದರೆ ಇನ್ನೊಬ್ಬರು ಕೋರ್ಟಿಗೆ ಹೋಗುತ್ತಾರೆ, ಹೋಗಬೇಕು ಕೂಡ. ಆದರೆ ದಿನವಿಡೀ ಅಂಥ ಅರ್ಜಿಗಳನ್ನೇ ತುಂಬುತ್ತಾ ಕೂತವಳಿಗೆ ಕಂಪನಿಯ ಜಾಹೀರಾತೂ ಅಧಿಸೂಚನೆಯ ಹಾಗೇ ಕಾಣುತ್ತಿತ್ತು. ಹನ್ನೊಂದು ಸಾಲು ಅಂದರೆ ಹನ್ನೊಂದು ನಿಯಮ. ಇದು ಬೇರೆ, ಅದು ಬೇರೆ ಅಂತ ನನಗೆ ಹೇಳಿದವರು ಯಾರೂ ಇರಲಿಲ್ಲ.

ಹೇಳಿದ್ದು ಹಾಸ್ಟೆಲ್‌ನ ಅಕ್ಕ. ಮಡಿಕೇರಿಯಲ್ಲಿ ಓದುವಾಗ ನನಗಿಂತ ಎರಡು ವರ್ಷ ಮುಂದಿದ್ದವರು, ನಾಪೋಕ್ಲು ಕಡೆಯವರು. ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು. ಕರೆಂಟ್ ಬಂದ ದಿನ ಸುಮ್ನೆ ಮಾತಾಡೋಣ ಅಂತ ಫೋನ್ ಮಾಡಿದೆ. ಮಾತಿನ ನಡುವೆ ಆ ಜಾಹೀರಾತಿನ ವಿಷಯ ಬಂತು.

“ಹನ್ನೊಂದರಲ್ಲಿ ಐದೇ ಗೊತ್ತಿರೋದು ಅಕ್ಕ,” ಅಂದೆ.

“ಯಾವ ಐದು?” ಅಂದರು.

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಎಷ್ಟು ಅಂತ ಎಣಿಸಿದ್ದೆ. ಯಾವುದು ಅಂತ ನೋಡಿರಲಿಲ್ಲ.

ಅಕ್ಕ ಆ ದಿನ ಅರ್ಧ ಗಂಟೆ ಮಾತಾಡಿದರು. ಅವರ ತಂಡಕ್ಕೂ ಆ ವರ್ಷ ಜನ ಬೇಕಾಗಿತ್ತಂತೆ. ಮ್ಯಾನೇಜರ್ ಮೊದಲು ಬರೆದದ್ದು ನಾಲ್ಕೇ ಸಾಲು. ಕೆಲಸ ಬಿಟ್ಟು ಹೋದವನಿಗೆ ಏನೇನು ಗೊತ್ತಿತ್ತೋ ಅದನ್ನೆಲ್ಲ ಇನ್ನೊಬ್ಬರು ಸೇರಿಸಿದರು. ಮುಂದಿನ ವರ್ಷ ಬೇಕಾಗಬಹುದು ಅಂತ ಮತ್ತೊಬ್ಬರು ಎರಡು ಸಾಲು ಹಾಕಿದರು. ಡಿಗ್ರಿಯ ಸಾಲು ಹಿಂದಿನ ಜಾಹೀರಾತಿನಲ್ಲಿ ಇದ್ದದ್ದು, ಎಚ್‌ಆರ್‌ನವರು ಹಾಗೇ ಉಳಿಸಿಕೊಂಡರು. “ನಮ್ಮ ತಂಡದಲ್ಲಿ ಆ ಪಟ್ಟಿ ಪೂರ್ತಿ ಗೊತ್ತಿರೋರು ಒಬ್ಬರೂ ಇಲ್ಲ. ನಂಗೂ ಗೊತ್ತಿಲ್ಲ. ಬೇಡ ಅನ್ನೋದು ಅವರ ಕೆಲಸ. ಅದನ್ನ ನೀನ್ಯಾಕೆ ಮಾಡ್ತೀಯಾ?” ಅಂದರು.

ಅವರೇ ಇನ್ನೊಂದು ಸಂಗತಿ ಹೇಳಿದರು. ನಾನು ಆಮೇಲೆ ಹುಡುಕಿ ಓದಿದೆ, ನಿಜವೇ. ಫಾಸ್ಟ್‌ಎಪಿಐ ಮಾಡಿದವರು ಸೆಬಾಸ್ಟಿಯನ್ ರಮಿರೆಜ್ ಅಂತ. ಅದು ಹೊರಗೆ ಬಂದದ್ದು 2018ರ ಕೊನೆಯಲ್ಲಿ. 2020ರ ಜುಲೈನಲ್ಲಿ ಅವರ ಕಣ್ಣಿಗೆ ಒಂದು ಜಾಹೀರಾತು ಬಿತ್ತು. ಫಾಸ್ಟ್‌ಎಪಿಐನಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಅನುಭವ ಇರಬೇಕು ಅಂತ ಅದರಲ್ಲಿತ್ತು. ತಾನು ಅದನ್ನು ಮಾಡಿಯೇ ಒಂದೂವರೆ ವರ್ಷ ಆಗಿದೆ, ಹಾಗಾಗಿ ತನಗೂ ಅರ್ಜಿ ಹಾಕಲು ಆಗಲಿಲ್ಲ ಅಂತ ಅವರು ಟ್ವೀಟ್ ಮಾಡಿದರು. ವರ್ಷಗಳ ಲೆಕ್ಕವನ್ನು ಎಷ್ಟು ಯೋಚಿಸಿ ಬರೆದಿರುತ್ತಾರೆ ಅನ್ನುವುದು ನನಗೆ ಅಲ್ಲಿ ಗೊತ್ತಾಯಿತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪನಿಗೆ ಹೊಸದು ಅನ್ನಿಸಲೇ ಇಲ್ಲ. ತೋಟದಲ್ಲಿ ಕಪಾತು ಅಂದರೆ ಕಾಫಿ ಗಿಡದ ರೆಂಬೆ ಸವರುವುದು, ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು. “ಕಪಾತು ಗೊತ್ತಿರೋರು, ಮರಗಸಿಗೆ ಮರ ಹತ್ತೋರು, ಮೆಣಸು ಕುಯ್ಯೋರು ಬೇಕು ಅಂತ ನಾವು ಹೇಳಿ ಕಳಿಸ್ತೀವಿ. ಮೂರೂ ಗೊತ್ತಿರೋನು ಯಾವತ್ತು ಬಂದಿದ್ದಾನೆ? ಆದ್ರೆ ಮರ ಹತ್ತಕ್ಕೆ ಬರದೇ ಇರೋನ್ನ ಮರಗಸಿಗೆ ಹಾಕಕ್ಕೆ ಆಗಲ್ಲ, ಬಿದ್ದು ಸಾಯ್ತಾನೆ. ಕಪಾತು ಆದ್ರೆ ಎರಡು ದಿನ ಪಕ್ಕದಲ್ಲಿ ನಿಂತು ಕಲೀತಾನೆ,” ಅಂದರು. ಅಮ್ಮ ಸಾರು ಬಡಿಸುತ್ತಾ, “ಹಾಕು, ಏನು ಗಂಟು ಹೋಗತ್ತೆ,” ಅಂದರು.

ಅಪ್ಪನ ಮಾತು ಹಿಡಿದುಕೊಂಡು ಮಾರನೇ ದಿನ ಪಟ್ಟಿಯನ್ನು ಕಾಗದದ ಮೇಲೆ ಬರೆದೆ. ಮರ ಹತ್ತುವಂಥದ್ದು ಯಾವುದು, ಪಕ್ಕದಲ್ಲಿ ನಿಂತು ಕಲಿಯುವಂಥದ್ದು ಯಾವುದು? ಅದು ತಿಳಿಯಬೇಕಾದರೆ ಅರ್ಹತೆಯ ಪಟ್ಟಿಯನ್ನು ಬಿಟ್ಟು, ಕೆಲಸ ಏನು ಅಂತ ಬರೆದ ಭಾಗವನ್ನು ಓದಬೇಕು. ಅದು ಮೇಲೆ ನಾಲ್ಕು ಸಾಲಿನಲ್ಲಿತ್ತು. ಅದುವರೆಗೂ ನಾನು ಅದನ್ನು ಸರಿಯಾಗಿ ಓದಿಯೇ ಇರಲಿಲ್ಲ! ಹಳ್ಳಿಗಳಲ್ಲಿ ಓಡಾಡಿ ಮಾಹಿತಿ ತೆಗೆದುಕೊಳ್ಳುವ ಸಿಬ್ಬಂದಿ ಮೊಬೈಲ್‌ನಲ್ಲಿ ತುಂಬಿದ್ದನ್ನು ಸರ್ವರ್‌ಗೆ ತರುವುದು, ಸರಿಯಾಗಿ ಉಳಿಸುವುದು, ವರದಿ ಕೊಡುವುದು. ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ನಡೆಯಬೇಕು ಅಂತ ಸ್ಪಷ್ಟವಾಗಿ ಬರೆದಿದ್ದರು.

ಅಂದರೆ ಪೈಥಾನ್, ಜ್ಯಾಂಗೋ, ಡೇಟಾಬೇಸ್. ಈ ಮೂರು ಇಲ್ಲದೆ ಕೆಲಸ ಆಗುವುದೇ ಇಲ್ಲ. ಡಾಕರ್ ಕೆಲವು ವಾರದಲ್ಲಿ ಕೈಗೆ ಬರುತ್ತದೆ. ಎಡಬ್ಲ್ಯೂಎಸ್‌ಗೆ ಇನ್ನೂ ಸ್ವಲ್ಪ ಹೆಚ್ಚು ಸಮಯ ಬೇಕು. ಕಾಫ್ಕಾದ ಮುಂದೆ “ಇದ್ದರೆ ಒಳ್ಳೆಯದು” ಅಂತಲೇ ಇತ್ತು. ನನ್ನ ಭಯದಲ್ಲಿ ಆ ಪದಗಳು ಕಣ್ಣಿಗೇ ಬಿದ್ದಿರಲಿಲ್ಲ.

ಡಿಗ್ರಿಯ ಸಾಲು ಮಾತ್ರ ನೋವು ಕೊಡುತ್ತಿತ್ತು. 2018ರಲ್ಲಿ ಪಿಯುಸಿ ಮುಗಿದಾಗ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿತ್ತು. ಆ ವರ್ಷ ಆಗಸ್ಟ್‌ನಲ್ಲಿ ಏನಾಯಿತು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಾದಾಪುರದ ಕಡೆ ಇದ್ದ ಮಾವನ ಮನೆಯ ಹಿಂದಿನ ಗುಡ್ಡ ಜಾರಿತು. ಜೀವ ಉಳಿಯಿತು, ಮನೆ ಉಳಿಯಲಿಲ್ಲ. ನನ್ನ ಓದಿಗೆ ಅಂತ ಅಪ್ಪ ಕೂಡಿಟ್ಟ ದುಡ್ಡು ಮಾವನಿಗೆ ಹೋಯಿತು. ಹೋಗಲೇಬೇಕಿತ್ತು. ನಾನು ಕೊನೆಯ ಗಳಿಗೆಯಲ್ಲಿ ಬಿಸಿಎಗೆ ಸೇರಿದೆ. ಇದನ್ನು ಯಾವ ಅರ್ಜಿಯಲ್ಲೂ ಬರೆಯಲು ಜಾಗ ಇರುವುದಿಲ್ಲ.

ಇನ್ನು ಅನುಭವ. ಕಂಪನಿಯ ಅನುಭವ ಇಲ್ಲ. ಹಾಗಾದರೆ ಎರಡು ಸುಗ್ಗಿಯಲ್ಲಿ ನಾನು ಮಾಡಿದ್ದು ಏನು?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾಫಿ ಕುಯ್ಲಿನ ಕಾಲದಲ್ಲಿ, ಅಂದರೆ ನವೆಂಬರ್‌ನಿಂದ ಫೆಬ್ರವರಿವರೆಗೆ, ತೋಟದಲ್ಲಿ ದಿನಾ ಸಂಜೆ ತೂಕ ಇರುತ್ತದೆ. ಯಾರು ಎಷ್ಟು ಕಿಲೋ ಹಣ್ಣು ಕುಯ್ದರೋ ಅಷ್ಟಕ್ಕೆ ಕೂಲಿ. ಕಣದ ಹತ್ತಿರ ತಕ್ಕಡಿ ಇಟ್ಟು, ಒಬ್ಬೊಬ್ಬರ ಚೀಲ ತೂಗಿ ಅಪ್ಪ ಪುಸ್ತಕದಲ್ಲಿ ಬರೆಯುತ್ತಾರೆ. ವಾರದ ಕೊನೆಗೆ ಬಟವಾಡೆ. ಲೆಕ್ಕ ಕೂಡಿಸಲು ಅಪ್ಪ ಶುಕ್ರವಾರ ರಾತ್ರಿ ಹನ್ನೆರಡು ಗಂಟೆವರೆಗೆ ಕೂರುತ್ತಿದ್ದರು.

ಕೋವಿಡ್ ಸಮಯದಲ್ಲಿ ನಾನು ಮನೆಯಲ್ಲೇ ಇದ್ದೆ. ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುತ್ತಿದ್ದ ಕಾಲ ಅದು. ಅಪ್ಪನ ಲೆಕ್ಕವನ್ನು ಲ್ಯಾಪ್‌ಟಾಪ್‌ನಲ್ಲಿ ಮಾಡೋಣ ಅಂತ ಎಕ್ಸೆಲ್‌ನಲ್ಲಿ ಶುರು ಮಾಡಿದೆ. ಒಂದು ಸಂಜೆ ಬ್ಯಾಟರಿ ಸತ್ತು, ಉಳಿಸದೇ ಇದ್ದ ನಲವತ್ತೆರಡು ಜನರ ತೂಕ ಹೋಯಿತು. ಅಪ್ಪ ಪುಸ್ತಕದಲ್ಲೂ ಬರೆದಿದ್ದರಿಂದ ಬಚಾವಾದೆವು. ಮುಂದಿನ ಸುಗ್ಗಿಗೆ ಪೈಥಾನ್ ಕಲಿತು, ಜ್ಯಾಂಗೋ ಬಳಸಿ, ಎಲ್ಲವನ್ನೂ ಎಸ್‌ಕ್ಯೂಲೈಟ್‌ನಲ್ಲಿ ಉಳಿಸುವ ಹಾಗೆ ಮಾಡಿದೆ. ಎಸ್‌ಕ್ಯೂಲೈಟ್ ಏನನ್ನಾದರೂ ಬದಲಿಸುವ ಮೊದಲು ಹಳೆಯದನ್ನು ಪಕ್ಕದ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ, ಮತ್ತೆ ತೆರೆದಾಗ ಹಳೆಯ ಸ್ಥಿತಿಗೆ ಬರುತ್ತದೆ. ಅರ್ಧ ತೂಕ ಸೇರುವುದಿಲ್ಲ. ನಮ್ಮಂಥ ಊರಿಗೆ ಹೇಳಿ ಮಾಡಿಸಿದ್ದು.

ಅಸ್ಸಾಮಿನಿಂದ ಬಂದ ಕೆಲಸಗಾರರಲ್ಲಿ ಒಂದೇ ಹೆಸರಿನವರು ಇಬ್ಬರು, ಮೂವರು ಇರುತ್ತಿದ್ದರು. ಒಬ್ಬರ ಕೂಲಿ ಇನ್ನೊಬ್ಬರಿಗೆ ಸೇರಿ ಒಂದು ವಾರ ಜಗಳವಾಯಿತು. ತಪ್ಪು ನನ್ನದೇ. ಆಮೇಲೆ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟೆ. ತೋಟದ ಇನ್ನೊಂದು ತುದಿಯಲ್ಲೂ ತೂಕ ಶುರುವಾದಾಗ ಅಲ್ಲಿಯ ಮೇಸ್ತ್ರಿಯ ಮೊಬೈಲ್‌ನಲ್ಲಿ ಒಂದು ಪುಟ ಮಾಡಿಕೊಟ್ಟೆ. ಅಲ್ಲಿ ನೆಟ್‌ವರ್ಕ್ ಇಲ್ಲ. ತೂಕ ಮೊಬೈಲ್‌ನಲ್ಲೇ ಉಳಿದು, ಮೇಸ್ತ್ರಿ ರಾತ್ರಿ ನಮ್ಮ ಮನೆಗೆ ಬಂದಾಗ ಲ್ಯಾಪ್‌ಟಾಪ್‌ಗೆ ಸೇರುತ್ತಿತ್ತು. ಒಂದು ದಿನ ಕಳಿಸುವಾಗ ನಡುವೆ ಸಂಪರ್ಕ ತಪ್ಪಿ, ಮತ್ತೆ ಕಳಿಸಿದಾಗ ಕೆಲವರ ತೂಕ ಎರಡು ಸಲ ಸೇರಿತು. ಅಪ್ಪ ನೋಡಿದ ಕೂಡಲೇ ಹಿಡಿದರು. ಅರೇಬಿಕಾವನ್ನು ಒಬ್ಬರು ಒಂದು ದಿನಕ್ಕೆ ಅಷ್ಟು ಕುಯ್ಯಲು ಸಾಧ್ಯವೇ ಇಲ್ಲ ಅಂದರು. ಅವತ್ತಿನಿಂದ ಪ್ರತಿ ತೂಕಕ್ಕೂ ಅದರದೇ ಗುರುತು ಕೊಟ್ಟೆ. ಅದೇ ಗುರುತು ಎರಡನೇ ಸಲ ಬಂದರೆ ಸೇರಿಸದೆ ಬಿಡಬೇಕು.

ಇದೆಲ್ಲ ಮನೆ ಕೆಲಸ ಅಂತಲೇ ನಾನು ಅಂದುಕೊಂಡಿದ್ದೆ. ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ನಡೆಯಬೇಕು ಅನ್ನುವ ಸಾಲನ್ನು ಆ ಜಾಹೀರಾತಿನಲ್ಲಿ ಓದಿದ ಮೇಲೆ ನನ್ನ ಕೈ ಸ್ವಲ್ಪ ನಡುಗಿತು.

ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಮಾದರಿಯ ಬಯೋಡೇಟಾ ಮಾಡಿಕೊಡುತ್ತಿದ್ದೆ. ತಂದೆಯ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ, ಕೊನೆಗೆ ಮೇಲಿನದೆಲ್ಲ ಸತ್ಯ ಅನ್ನುವ ಘೋಷಣೆ. ನನ್ನದೂ ಹಾಗೇ ಇತ್ತು. ಅಕ್ಕ ಅದನ್ನು ನೋಡಿ ಎಲ್ಲ ತೆಗೆಸಿದರು. ಒಂದೇ ಪುಟ. ಮೇಲೆ ತೋಟದ ತೂಕದ ಕೆಲಸ, ಅದರಲ್ಲಿ ಬಂದ ತೊಂದರೆ, ಮಾಡಿದ ಪರಿಹಾರ. ಎಷ್ಟು ಜನ, ಎಷ್ಟು ಸುಗ್ಗಿ ಬಳಸಿದರು ಅಂತ ಲೆಕ್ಕ. ಕೋಡ್ ಇರುವ ಗಿಟ್‌ಹಬ್ ಕೊಂಡಿ. ಕೆಲಸಗಾರರ ನಿಜವಾದ ಹೆಸರುಗಳು ಅದರಲ್ಲಿ ಇರದ ಹಾಗೆ ಎರಡು ರಾತ್ರಿ ಕೂತು ತೆಗೆದೆ.

ಆ ದಿನಗಳಲ್ಲೇ ಒಬ್ಬ ಪರಿಚಯದವನು ಬೇರೆ ದಾರಿ ತೋರಿಸಿದ. ದುಡ್ಡು ಕೊಟ್ಟರೆ ಮೂರು ವರ್ಷದ ಅನುಭವ ಪತ್ರ ಸಿಗುತ್ತದಂತೆ, ಸಂಬಳದ ಚೀಟಿ ಸಮೇತ. ನನ್ನ ಜೊತೆ ಓದಿದ ಇಬ್ಬರು ತೆಗೆದುಕೊಂಡಿದ್ದರಂತೆ. ಇದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಎಲ್ಲ ಅರ್ಹತೆ ಇಲ್ಲದೆ ಅರ್ಜಿ ಹಾಕುವುದು ಬೇರೆ, ಇಲ್ಲದ್ದನ್ನು ಇದೆ ಅನ್ನುವುದು ಬೇರೆ. ಮೊದಲನೆಯದರಲ್ಲಿ ಎದುರಿನವರು ನಮ್ಮನ್ನು ನೋಡಿ ತೀರ್ಮಾನ ಮಾಡುತ್ತಾರೆ. ಎರಡನೆಯದರಲ್ಲಿ ಅವರು ತೀರ್ಮಾನ ಮಾಡುವುದು ಇಲ್ಲದ ಒಬ್ಬ ಮನುಷ್ಯನ ಬಗ್ಗೆ. ಜೊತೆಗೆ, ಸೇರುವ ಹೊತ್ತಿಗೆ ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಪಿಎಫ್ ಖಾತೆಯ ಯುಎಎನ್ ದಾಖಲೆ ತೆಗೆದು, ಯಾವ ಕಂಪನಿ ಯಾವ ತಿಂಗಳು ದುಡ್ಡು ಕಟ್ಟಿದೆ ಅಂತ ನೋಡುತ್ತಾರೆ. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಕೆಲಸ ಕೊಡಿಸುತ್ತೇವೆ, ನೋಂದಣಿಗೆ ದುಡ್ಡು ಕಟ್ಟಿ ಅನ್ನುವವರೂ ಬಂದರು. ಕೆಲಸ ಕೊಡುವವರು ನಮ್ಮಿಂದ ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಡಬೇಕು.

ಅರ್ಜಿಯ ಜೊತೆ ಒಂದು ಚಿಕ್ಕ ಪತ್ರ ಬರೆದೆ. ಇಂಗ್ಲಿಷ್‌ನಲ್ಲಿ ಬರೆಯಲು ಒಂದು ಸಂಜೆ ಪೂರ್ತಿ ಹಿಡಿಯಿತು. ನೀವು ಮಾಡುತ್ತಿರುವ ಕೆಲಸದ ಚಿಕ್ಕ ರೂಪವನ್ನು ನಾನು ಒಂದು ಕಾಫಿ ತೋಟದಲ್ಲಿ ಮಾಡಿದ್ದೇನೆ. ಪೈಥಾನ್, ಜ್ಯಾಂಗೋ, ಎಸ್‌ಕ್ಯೂಎಲ್ ಗೊತ್ತು. ಡಾಕರ್ ಕಲಿಯುತ್ತಿದ್ದೇನೆ. ಎಡಬ್ಲ್ಯೂಎಸ್, ಕಾಫ್ಕಾ ಗೊತ್ತಿಲ್ಲ. ಓದಿದ್ದು ಬಿಸಿಎ. ಇಷ್ಟೇ. ಕ್ಷಮಿಸಿ ಅಂತ ಮೊದಲ ಸಾಲಿನಲ್ಲಿ ಬರೆದಿದ್ದೆ. ಅಕ್ಕ ಅದನ್ನು ಹೊಡೆದುಹಾಕಿದರು. ಕ್ಷಮೆ ಕೇಳುವಂಥದ್ದು ಏನೂ ಮಾಡಿಲ್ಲ ಅಲ್ವಾ, ಅಂದರು.

ಆ ಒಂದು ಅರ್ಜಿ ಹಾಕಿದ ಮೇಲೆ ಧೈರ್ಯ ಬಂತು. ಎರಡು ತಿಂಗಳಲ್ಲಿ ಹತ್ತೊಂಬತ್ತು ಅರ್ಜಿ ಹಾಕಿದೆ. ಸಿಕ್ಕಿದ್ದಕ್ಕೆಲ್ಲ ಹಾಕಲಿಲ್ಲ. ಕೆಲಸದ ವಿವರ ಓದಿ, ಅದರ ಮುಖ್ಯ ಭಾಗ ನನ್ನಿಂದ ಆಗುತ್ತದೆ ಅನ್ನಿಸಿದರೆ ಮಾತ್ರ. ಹದಿನೈದಕ್ಕೆ ಉತ್ತರವೇ ಬರಲಿಲ್ಲ. ಕಾದು ಕಾದು ಬೇಸರವಾಗುತ್ತಿತ್ತು. ಒಂದು ದೊಡ್ಡ ಕಂಪನಿಯ ಫಾರ್ಮ್‌ನಲ್ಲಿ ಹತ್ತನೇ ತರಗತಿಯಿಂದ ಡಿಗ್ರಿವರೆಗೆ ಎಲ್ಲದರಲ್ಲೂ ಶೇ. 60 ಇರಬೇಕು ಅಂತಿತ್ತು. ಪಿಯುಸಿಯಲ್ಲಿ ನನಗೆ ಶೇ. 58. ಆ ಅಂಕ ಹಾಕಿದ ಕೂಡಲೇ ಮುಂದಿನ ಪುಟವೇ ತೆರೆಯಲಿಲ್ಲ. ಸಾವಿರಾರು ಹೊಸಬರನ್ನು ಒಟ್ಟಿಗೆ ತೆಗೆದುಕೊಳ್ಳುವ ಕಡೆ ಹೀಗೆ ನಿಜವಾದ ಗೋಡೆಗಳಿರುತ್ತವೆ. ಅಲ್ಲಿ ಪತ್ರ ಓದುವ ಮನುಷ್ಯರು ಇರುವುದಿಲ್ಲ. ಚಿಕ್ಕ ಕಂಪನಿಗಳಲ್ಲಿ, ಒಂದೋ ಎರಡೋ ಹುದ್ದೆ ಇರುವ ಕಡೆ, ಯಾರಾದರೂ ಓದುವ ಸಾಧ್ಯತೆ ಜಾಸ್ತಿ. ಇದು ನನಗೆ ಹತ್ತನೇ ಅರ್ಜಿಯ ಹೊತ್ತಿಗೆ ಅರ್ಥವಾಯಿತು.

ಒಂದು ಕಡೆಯಿಂದ ಫೋನ್ ಬಂತು. “ಬಿ.ಇ. ಆಗಿಲ್ವಾ? ಹಾಗಾದ್ರೆ ಕ್ಲೈಂಟ್ ಒಪ್ಪಲ್ಲ,” ಅಂತ ಎರಡೇ ನಿಮಿಷದಲ್ಲಿ ಇಟ್ಟರು. ಇನ್ನೊಂದು ಕಡೆ ತೊಂಬತ್ತು ನಿಮಿಷದ ಪರೀಕ್ಷೆ. ಎರಡು ಲೆಕ್ಕ ಕೊಟ್ಟಿದ್ದರು. ಒಂದು ಬಂತು, ಇನ್ನೊಂದು ಬರಲಿಲ್ಲ. ಫೇಲಾದೆ. ಆ ದಿನ ರಾತ್ರಿ ಅತ್ತೆ. ಆದರೆ ಒಂದು ವಿಚಿತ್ರ ಸಮಾಧಾನವೂ ಇತ್ತು. ಅದುವರೆಗೆ ನನ್ನನ್ನು ಬೇಡ ಅಂದಿದ್ದು ನಾನೊಬ್ಬಳೇ. ಈಗ ಬೇರೆಯವರು ನೋಡಿ, ಕೇಳಿ ಬೇಡ ಅಂದಿದ್ದರು.

ಹನ್ನೊಂದು ಸಾಲಿನ ಕಂಪನಿ ಕರೆದದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ. ವಿಡಿಯೋ ಸಂದರ್ಶನ. ನಮ್ಮ ಮನೆಯಲ್ಲಿ ಆಗುವ ಮಾತಲ್ಲ. ಹಿಂದಿನ ದಿನವೇ ಬಸ್ ಹತ್ತಿ ಕುಶಾಲನಗರದ ಗೆಳತಿಯ ಮನೆಗೆ ಹೋದೆ. ಅಲ್ಲಿ ಮಳೆ ಕಡಿಮೆ, ಇಂಟರ್ನೆಟ್ ಚೆನ್ನಾಗಿರುತ್ತದೆ. ಗೆಳತಿಯ ಅಮ್ಮ ಟಿವಿ ಆಫ್ ಮಾಡಿ, ಮನೆಯವರನ್ನೆಲ್ಲ ಹಿಂದಿನ ಕೋಣೆಗೆ ಕಳಿಸಿದರು.

ಎದುರಿಗೆ ಇಬ್ಬರಿದ್ದರು. ಶುರುವಿನಲ್ಲೇ ಒಂದು ತಪ್ಪು ಮಾಡಿದೆ. ಡೇಟಾಬೇಸ್‌ನಲ್ಲಿ ಬೇಗ ಹುಡುಕಲು ಮಾಡುವ ಇಂಡೆಕ್ಸ್ ಬಗ್ಗೆ ಕೇಳಿದರು. ಅರ್ಧ ಗೊತ್ತಿತ್ತು, ಪೂರ್ತಿ ಗೊತ್ತಿರುವ ಹಾಗೆ ಮಾತಾಡಿದೆ. ಅವರು ಇನ್ನೊಂದು ಪ್ರಶ್ನೆ ಕೇಳಿದ ಕೂಡಲೇ ನಿಂತುಹೋದೆ. ಮುಖ ಬಿಸಿಯಾಯಿತು. ಒಂದು ಕ್ಷಣ ಸುಮ್ಮನಿದ್ದು, ಇದು ನನಗೆ ಇಷ್ಟೇ ಗೊತ್ತು, ಮುಂದಿನದು ಗೊತ್ತಿಲ್ಲ ಅಂದೆ. ಅವರು ಸರಿ ಅಂತ ಮುಂದೆ ಹೋದರು. ಆಮೇಲೆ ಗೊತ್ತಿಲ್ಲದ್ದನ್ನೆಲ್ಲ ಗೊತ್ತಿಲ್ಲ ಅಂತಲೇ ಹೇಳಿದೆ. ಇಂಗ್ಲಿಷ್ ಪದ ಸಿಗದಿದ್ದಾಗ ನಿಧಾನವಾಗಿ, ಬೇರೆ ಪದ ಹುಡುಕಿಕೊಂಡು ಹೇಳಿದೆ. ಅವರು ಕಾದರು.

ಆಮೇಲೆ ತೂಕದ ವಿಷಯ ಬಂತು. ಹದಿನೈದು ನಿಮಿಷ ಅಂದುಕೊಂಡಿದ್ದ ಮಾತು ನಲವತ್ತು ನಿಮಿಷ ನಡೆಯಿತು. ಬ್ಯಾಟರಿ ಸತ್ತ ಸಂಜೆ, ಒಂದೇ ಹೆಸರಿನವರ ಜಗಳ, ಎರಡು ಸಲ ಸೇರಿದ ತೂಕ, ಎಲ್ಲ ಹೇಳಿದೆ. ಪ್ರತಿ ತೂಕಕ್ಕೂ ಕೊಟ್ಟ ಗುರುತಿನ ಬಗ್ಗೆ ಹೇಳಿದಾಗ ಅವರಲ್ಲಿ ಒಬ್ಬರು ಮುಂದಕ್ಕೆ ಬಾಗಿ ಕೂತರು. ಕಾಫ್ಕಾ ಬಳಸುವಾಗಲೂ ಒಂದೇ ಸಂದೇಶ ಎರಡು ಸಲ ಬರಬಹುದು, ಅದನ್ನು ತಡೆಯಲು ನಾವು ಮಾಡುವುದೂ ಇದನ್ನೇ ಅಂದರು. ಗೊತ್ತಿಲ್ಲ ಅಂತ ನಾನು ಪತ್ರದಲ್ಲಿ ಬರೆದ ಸಾಲಿನೊಳಗೆ ನನಗೆ ಗೊತ್ತಿದ್ದ ಒಂದು ವಿಷಯ ಇತ್ತು. ಮೇಸ್ತ್ರಿಯ ಮೊಬೈಲ್ ಕಳೆದುಹೋದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪನ ಪುಸ್ತಕ ಇರುತ್ತಿತ್ತು ಅಂದೆ. ಅದೂ ಒಂದು ಉತ್ತರವೇ ಅಂದರು. ಕೊನೆಯಲ್ಲಿ ಒಬ್ಬರು ಕನ್ನಡದಲ್ಲೇ, “ನಿಮ್ಮ ತಂದೆಯವರಿಗೆ ನಮಸ್ಕಾರ ಹೇಳಿ,” ಅಂದರು. ಧಾರವಾಡದ ಕಡೆಯ ಮಾತು.

ಆ ಹುದ್ದೆ ನನಗೆ ಸಿಗಲಿಲ್ಲ.

ಅದಕ್ಕೆ ಮೂರು ವರ್ಷ ಅನುಭವ ಇರುವವರೇ ಬೇಕು, ಹೊಸಬರಿಗೆ ಹೇಳಿಕೊಡುವ ಜವಾಬ್ದಾರಿ ಇದೆ ಅಂತ ಇಮೇಲ್ ಬಂತು. ಅದು ನ್ಯಾಯವೇ. ಆದರೆ ಅದೇ ಇಮೇಲ್‌ನಲ್ಲಿ ಕೆಳಗೆ ಇನ್ನೊಂದು ಮಾತಿತ್ತು. ಮುಂದಿನ ತಿಂಗಳು ಜೂನಿಯರ್ ಹುದ್ದೆ ಒಂದು ಮಾಡುತ್ತಿದ್ದೇವೆ, ಸಂಬಳ ಕಡಿಮೆ, ನಿಮಗೆ ಒಪ್ಪಿಗೆಯೇ? ಆ ಹುದ್ದೆಗೆ ಜಾಹೀರಾತೇ ಬರಲಿಲ್ಲ. ಹನ್ನೊಂದು ಸಾಲಿನದಕ್ಕೆ ಅರ್ಜಿ ಹಾಕದೆ ಇದ್ದಿದ್ದರೆ ಅದು ಇತ್ತು ಅಂತಲೂ ನನಗೆ ಗೊತ್ತಾಗುತ್ತಿರಲಿಲ್ಲ. ನವೆಂಬರ್‌ನಲ್ಲಿ ಸೇರಿದೆ. ಆ ಸುಗ್ಗಿಯ ತೂಕಕ್ಕೆ ಅಪ್ಪನೇ ಲ್ಯಾಪ್‌ಟಾಪ್ ಮುಂದೆ ಕೂತರು.

ಸೇರಿದ ಮೇಲೆ ಗೊತ್ತಾದದ್ದು, ಆರು ಜನರ ತಂಡದಲ್ಲಿ ಆ ಹನ್ನೊಂದು ಸಾಲೂ ಬರುವವರು ಯಾರೂ ಇಲ್ಲ. ಕಾಫ್ಕಾ ಗೊತ್ತಿದ್ದದ್ದು ಒಬ್ಬರಿಗೆ. ಒಬ್ಬರು ಓದಿದ್ದು ಮೆಕ್ಯಾನಿಕಲ್. ಡಾಕರ್ ನನಗೆ ನಿಜಕ್ಕೂ ಕೈಗೆ ಬಂದದ್ದು ಅಲ್ಲೇ, ಕೆಲಸ ಮಾಡುತ್ತಾ. ಇಂಗ್ಲಿಷ್ ಮಾತ್ರ ಕಷ್ಟವಾಯಿತು. ಮೊದಲ ಆರು ತಿಂಗಳು ಮೀಟಿಂಗ್‌ನಲ್ಲಿ ಹೇಳಬೇಕಾದ್ದನ್ನು ಮೊದಲೇ ಬರೆದುಕೊಂಡು ಹೋಗುತ್ತಿದ್ದೆ. ಆ ಸಾಲನ್ನು ಅವರು ಸುಮ್ನೆ ಹಾಕಿರಲಿಲ್ಲ.

ಗಂಡಸರು ಶೇ. 60 ಅರ್ಹತೆ ಇದ್ದರೆ ಅರ್ಜಿ ಹಾಕುತ್ತಾರೆ, ಹೆಂಗಸರು ಶೇ. 100 ಇದ್ದರೆ ಮಾತ್ರ ಅನ್ನುವ ಮಾತನ್ನು ಆಫೀಸಿನಲ್ಲಿ ತುಂಬ ಕೇಳಿದೆ. ಅದು ಒಂದು ಕಂಪನಿಯ ಒಳಗಿನ ವರದಿಯಿಂದ ಹೊರಟ ಮಾತು. 2014ರಲ್ಲಿ ತಾರಾ ಮೋರ್ ಅನ್ನುವವರು ಸಾವಿರಕ್ಕೂ ಹೆಚ್ಚು ಜನರನ್ನು, ಹೆಚ್ಚಾಗಿ ಅಮೆರಿಕದವರನ್ನು, ಯಾಕೆ ಅರ್ಜಿ ಹಾಕಲಿಲ್ಲ ಅಂತ ಕೇಳಿದರು. ಹೆಚ್ಚು ಜನ ಕೊಟ್ಟ ಕಾರಣ ಆತ್ಮವಿಶ್ವಾಸ ಇಲ್ಲ ಅನ್ನುವುದಲ್ಲ. ಕೇಳಿದ ಅರ್ಹತೆ ಇಲ್ಲ, ಹೇಗೂ ತೆಗೆದುಕೊಳ್ಳುವುದಿಲ್ಲ, ಸುಮ್ನೆ ಸಮಯ ಯಾಕೆ ಹಾಳು ಅನ್ನುವುದು. ಗಂಡಸರು, ಹೆಂಗಸರು ಇಬ್ಬರೂ ಅದನ್ನೇ ಹೆಚ್ಚಾಗಿ ಹೇಳಿದರು. ಓದಿದಾಗ ನನಗೆ ನನ್ನ ಅಂಗಡಿಯ ಕುರ್ಚಿ ನೆನಪಾಯಿತು. ನನ್ನ ತೊಂದರೆಯೂ ಮುಖ್ಯವಾಗಿ ಧೈರ್ಯದ್ದಲ್ಲ. ನಾನು ಪಟ್ಟಿಯನ್ನು ನಿಯಮ ಅಂತ ಓದಿದ್ದೆ, ಅಷ್ಟೇ. ಧೈರ್ಯ ತಂದುಕೋ ಅಂತ ನೂರು ಸಲ ಹೇಳಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ. ಆ ಪಟ್ಟಿ ಹೇಗೆ ತಯಾರಾಗುತ್ತದೆ ಅಂತ ಯಾರಾದರೂ ಹೇಳಬೇಕಿತ್ತು.

ಹೋದ ವರ್ಷ ನಮ್ಮ ತಂಡಕ್ಕೆ ಒಬ್ಬರು ಬೇಕಾದಾಗ ಜಾಹೀರಾತಿನ ಕರಡು ನನ್ನ ಕೈಗೂ ಬಂತು. ಹದಿಮೂರು ಸಾಲು ಇತ್ತು. ಮೊದಲ ದಿನದಿಂದಲೇ ಬೇಕಾದದ್ದು, ಇಲ್ಲಿ ಬಂದು ಕಲಿಯಬಹುದಾದದ್ದು ಅಂತ ಎರಡು ಭಾಗ ಮಾಡೋಣ ಅಂದೆ. ಎರಡು ಗಂಟೆ ವಾದ ಆಯಿತು. ಮೊದಲ ಭಾಗದಲ್ಲಿ ನಾಲ್ಕು ಉಳಿಯಿತು. ಡಿಗ್ರಿಯ ಸಾಲನ್ನು ತೆಗೆಸಲು ನನ್ನಿಂದ ಆಗಲಿಲ್ಲ. “ಅಥವಾ ಅದಕ್ಕೆ ಸಮನಾದ ಕೆಲಸದ ಅನುಭವ” ಅಂತ ಸೇರಿಸಲು ಮಾತ್ರ ಒಪ್ಪಿದರು.

ಮೊನ್ನೆ ಚಿಕ್ಕಪ್ಪನ ಮಗಳು ಶನಿವಾರಸಂತೆಯಿಂದ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದಾಳೆ. ಕುಶಾಲನಗರದಲ್ಲಿ ಡಿಪ್ಲೊಮಾ ಮುಗಿಸಿದ್ದಾಳೆ. ನೆಟ್‌ವರ್ಕ್ ತಂತ್ರಜ್ಞರ ಕೆಲಸ, ಒಂಬತ್ತು ಸಾಲು. ಕೆಳಗೆ ಬರೆದಿದ್ದಾಳೆ: “ಅಕ್ಕ, ನಾಲ್ಕೇ ಇದೆ. ಬಿಡ್ಲಾ?”

ಯಾವ ನಾಲ್ಕು ಅಂತ ಕೇಳಿದ್ದೇನೆ. ಎರಡು ದಿನವಾಯಿತು, ಅವಳಿಗೆ ಇನ್ನೂ ಮೆಸೇಜ್ ತಲುಪಿಲ್ಲ. ಅಲ್ಲಿ ಜೋರು ಮಳೆಯಂತೆ. ನಾಳೆ ಬೆಳಿಗ್ಗೆ ಚಿಕ್ಕಪ್ಪನ ಲ್ಯಾಂಡ್‌ಲೈನಿಗೆ ಮಾಡಿ ನೋಡಬೇಕು. ಕೊನೆಯ ದಿನಾಂಕ ಶುಕ್ರವಾರ.